ಆರನೇ ಬೀದಿಯ ನೀರು

ಮೂವತ್ತೊಂದು ವರ್ಷ ದಿನಾ ಬೈಸಿಕೊಂಡೂ ಮುಖ ಗಂಟು ಹಾಕದೆ ಬದುಕಿದವನು ಯಾರಾದರೂ ಇದ್ದರೆ ಅದು ವಾಲ್ವಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ನಗರಸಭೆಯ ಹಾಜರಿ ಪುಸ್ತಕದಲ್ಲಿ ಅದನ್ನು ಬರೆದೂ ಇದ್ದರು. ಆದರೆ ಆ ಹೆಸರು ಹಿಡಿದು ಕರೆದವರನ್ನು ನಾವಂತೂ ಕಂಡಿಲ್ಲ. ಅವನ ಕೆಲಸ ನೀರು ಬಿಡುವುದು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ಬೀದಿ ಮೂಲೆಯ ಮುಚ್ಚಳ ಎತ್ತಿ, ಕೀಲಿಯನ್ನು ಒಳಗೆ ಇಳಿಸಿ ಹದಿನಾಲ್ಕು ಸುತ್ತು ತಿರುಗಿಸುತ್ತಿದ್ದ. ಆ ಬೀದಿಯ ನಲ್ಲಿಗಳಲ್ಲಿ ಮೊದಲು ಗಾಳಿ ಕೆಮ್ಮುತ್ತಿತ್ತು, ಆಮೇಲೆ ನೀರು ಬರುತ್ತಿತ್ತು. ಸರಿಯಾಗಿ ನಲವತ್ತು ನಿಮಿಷ. ಮತ್ತೆ ಹದಿನಾಲ್ಕು ಸುತ್ತು ಹಿಂದಕ್ಕೆ, ಮತ್ತೆ ಸೈಕಲ್ಲು, ಮುಂದಿನ ಬೀದಿ.

ಇದರಲ್ಲಿ ಬೈಯುವಂಥದ್ದು ಏನಿದೆ ಎನ್ನುತ್ತೀರಾ? ನೀರು ಬಾರದ ಮನೆಯಲ್ಲಿ ನೀವು ಇದ್ದಿರಲಿಕ್ಕಿಲ್ಲ ಬಿಡಿ. ಎಲ್ಲ ಬೀದಿಯಲ್ಲೂ ಒಂದೇ ಮಾತು: “ಪಕ್ಕದ ಬೀದಿಗೆ ಐವತ್ತು ನಿಮಿಷ ಬಿಟ್ಟೆಯಂತೆ, ನಾವೇನು ಮನುಷ್ಯರಲ್ವಾ?” ವಾಲ್ವಣ್ಣ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಕೈಗಡಿಯಾರ ಬಿಚ್ಚಿ ಅವರ ಅಂಗೈಮೇಲೆ ಇಡುತ್ತಿದ್ದ. “ನೀವೇ ನೋಡ್ಕೊಳ್ಳಮ್ಮ. ಅವರಿಗೂ ನಲವತ್ತು, ನಿಮಗೂ ನಲವತ್ತು. ನನ್ನ ಹೆಂಡ್ತಿ ಇರೋ ಬೀದಿಗೂ ನಲವತ್ತೇ.” ಅದು ಬರಿ ಮಾತಲ್ಲ. ಒಂದು ದಿನ ಅವನ ಹೆಂಡತಿಯ ಡ್ರಮ್ಮು ಅರ್ಧವೂ ತುಂಬಿರಲಿಲ್ಲ, “ರೀ, ಇನ್ನೊಂದು ಐದೇ ನಿಮಿಷ” ಎಂದು ಬಾಗಿಲಿನಿಂದ ಕೂಗಿದಳು, ಬೀದಿಯೆಲ್ಲ ನೋಡುತ್ತಿತ್ತು, ಈ ಪುಣ್ಯಾತ್ಮ ತಲೆ ಬಗ್ಗಿಸಿ ವಾಲ್ವು ಮುಚ್ಚಿ ಹೋದ. ಅವಳು ಎರಡು ದಿನ ಮಾತು ಬಿಟ್ಟಳು. ಅವನು ಕಟ್ಟಿಸಿದ ಮನೆ ಇಲ್ಲ, ಓದಿದ ಓದಿಲ್ಲ. ಭೇದ ಮಾಡದೆ ನೀರು ಬಿಟ್ಟೆ ಅನ್ನುವುದೊಂದೇ ಅವನಿಗಿದ್ದ ಹೆಮ್ಮೆ. ಅದನ್ನು ಯಾರೂ ಹೊಗಳಲಿಲ್ಲ, ಅಲ್ಲಗಳೆಯಲೂ ಇಲ್ಲ.

ನಿವೃತ್ತಿಯಾದ ಮೇಲೆ ಮೂರು ತಿಂಗಳು ಮನೆಯಲ್ಲಿ ಕೂತ. ಕೂತ ಅನ್ನುವುದು ಸುಳ್ಳು; ಅಡುಗೆಮನೆ ನಲ್ಲಿಯ ವಾಷರನ್ನು ನಾಲ್ಕು ಸಲ ಬದಲಾಯಿಸಿದ. ಐದನೇ ಸಲ ಸ್ಪ್ಯಾನರ್ ಹಿಡಿದು ಬಂದಾಗ ಹೆಂಡತಿ ಸೌಟು ಹಿಡಿದು ಅಡ್ಡ ನಿಂತಳು. “ಆ ನಲ್ಲಿ ನಿಮಗೇನು ಅನ್ಯಾಯ ಮಾಡಿದೆ ಅಂತ ಹೇಳಿಬಿಡಿ. ಇಲ್ಲಾಂದ್ರೆ ಎಲ್ಲಾದ್ರೂ ಹೊರಗೆ ಹೋಗಿ, ಸಂಜೆ ಬನ್ನಿ.”

ಹೋಗಲು ಒಂದು ಜಾಗ ಆ ವಾರವೇ ಸಿಕ್ಕಿತು. ಮುಚ್ಚಿಹೋದ ಸೋಪಿನ ಕಾರ್ಖಾನೆಯ ಹಿಂದೆ ಎರಡು ಎಕರೆ ಬರಡು ಬಿದ್ದಿತ್ತು. ಒಡೆದ ಇಟ್ಟಿಗೆ, ತುಕ್ಕು ತಗಡು, ಮೊಣಕಾಲುದ್ದದ ಮುಳ್ಳು. ಅಲ್ಲಿ ಲಾರಿ ನಿಲ್ದಾಣ ಮಾಡುವುದೆಂದು ನಗರಸಭೆಯಲ್ಲಿ ಮಾತು ನಡೆದಿತ್ತು. ನಿವೃತ್ತ ಹೆಡ್‌ಮಿಸ್ ಒಬ್ಬರು, ಚಾಕ್‌ಪೀಸು ಬಿಟ್ಟರೂ ದನಿ ಬಿಡದವರು, ಮನೆಮನೆ ಅಲೆದು ಸಹಿ ಹಾಕಿಸಿ, ಅಲ್ಲಿ ಕಾಡು ಬೆಳೆಸುತ್ತೇವೆ ಎಂದು ಪಟ್ಟುಹಿಡಿದರು. ನಗರಸಭೆ ಕೊನೆಗೆ ಒಂದು ಕಾಗದ ಕೊಟ್ಟಿತು. ಆರುನೂರು ಸಸಿ ನೆಡಬೇಕು. ಮೂರು ವರ್ಷ ಮಾತ್ರ ನೀರಿನ ಸಂಪರ್ಕ. ಮೂರನೇ ಬೇಸಿಗೆಯ ಕೊನೆಗೆ ಅಧಿಕಾರಿ ಬಂದು ಎಣಿಸುತ್ತಾರೆ. ನಾನೂರು ಜೀವಂತ ಇದ್ದರೆ ಜಾಗ ಶಾಶ್ವತವಾಗಿ ಕಾಡಿಗೆ. ಒಂದು ಕಮ್ಮಿಯಾದರೂ ಲಾರಿಗೆ.

ನೆಡುವ ದಿನ ಬಡಾವಣೆಯೇ ಬಂತು ಎನ್ನಬಹುದು. ಜೀವಮಾನದಲ್ಲಿ ಗುದ್ದಲಿ ಮುಟ್ಟದವರೆಲ್ಲ ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡರು. ಮನೆಗೊಂದು ಸಸಿ, ಕೆಲವರಿಗೆ ಎರಡು, ಉಳಿದವೆಲ್ಲ ಎಲ್ಲರವು. ಟೈಲರ್ ಮತ್ತವನ ಹೆಂಡತಿ ಒಂದು ನೇರಳೆ ನೆಟ್ಟರು. ಹನ್ನೆರಡು ವರ್ಷದಿಂದ ಮಕ್ಕಳಿಲ್ಲದ ಮನೆ ಅದು. ಅವಳು ಆ ಸಸಿಯ ಸುತ್ತ ಮಣ್ಣು ಒತ್ತಿದ ರೀತಿ ನೋಡಿ ತಮಾಷೆ ಮಾಡಲು ಹೊರಟವರು ಸುಮ್ಮನಾದರು. ನೀರಿನ ಜವಾಬ್ದಾರಿ ಯಾರಿಗೆ ಎನ್ನುವ ಪ್ರಶ್ನೆಯೇ ಏಳಲಿಲ್ಲ. ವಾಲ್ವಣ್ಣ ಹಳೇ ಪೈಪು ಕೂಡಿಸಿ, ಜಾಗವನ್ನು ನೂರು ನೂರು ಸಸಿಯ ಆರು ಭಾಗ ಮಾಡಿ, ಪ್ರತಿ ಭಾಗಕ್ಕೂ ಒಂದೊಂದು ವಾಲ್ವು ಕೂರಿಸಿದ. ಅವನ ಬಾಯಲ್ಲಿ ಅವು ಭಾಗಗಳಲ್ಲ, ಬೀದಿಗಳು. ಒಂದನೇ ಬೀದಿ, ಎರಡನೇ ಬೀದಿ, ಹೀಗೆ ಗೋಡೆ ಪಕ್ಕದ ಆರನೇ ಬೀದಿಯವರೆಗೆ. ನಾಲ್ಕು ದಿನದಲ್ಲಿ ಎಲ್ಲರೂ ಹಾಗೇ ಕರೆಯತೊಡಗಿದರು.

ಮೊದಲ ವರ್ಷ ಅವನ ಪಾಲಿಗೆ ಸುಗ್ಗಿ. ಬೆಳಕು ಹರಿಯುವ ಮುಂಚೆ ಹೋಗಿ ಬೀದಿಗೆ ಹದಿನೈದು ನಿಮಿಷ, ದಿನಾ ತಪ್ಪದೆ. ಸಸಿಗಳು ಎಲೆ ಮಿಂಚಿಸಿಕೊಂಡು ಏರಿದವು, ವರ್ಷ ತುಂಬುವುದರೊಳಗೆ ಆಳೆತ್ತರ ದಾಟಿದವು. “ವಾಲ್ವಣ್ಣನ ಕೈಗುಣ ನೋಡ್ರಿ” ಎಂದು ಹಿಂದೆ ಅವನಿಗೆ ಶಾಪ ಹಾಕಿದ ಬಾಯಿಗಳೇ ಹೇಳಿದವು. ಆ ದಿನ ಅವನು ಮನೆಗೆ ಬಂದು ಹೆಂಡತಿಗೆ ಆ ಮಾತನ್ನು ಮೂರು ಸಲ ಹೇಳಿದ. ಅವಳು ಮೂರನೇ ಸಲವೂ ಹೊಸದಾಗಿ ಕೇಳಿದಂತೆ ಕೇಳಿದಳು. ಪಾಪ, ಅವಳೂ ಒಳ್ಳೆಯ ಹೆಂಗಸು.

ಎರಡನೇ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಗಾಳಿ ಎದ್ದಿತು. ದೊಡ್ಡ ಗಾಳಿಯೇನಲ್ಲ, ಯಾರ ಮನೆಯ ತಗಡೂ ಹಾರಲಿಲ್ಲ. ಆದರೆ ಕಾಡಿನಲ್ಲಿ ನಲವತ್ತೆಂಟು ಮರ ಮಕಾಡೆ ಮಲಗಿದ್ದವು. ಸಸಿ ಕೊಟ್ಟಿದ್ದ ನರ್ಸರಿಯ ಹೆಂಗಸು ಬಂದು, ಬಿದ್ದ ಮರವೊಂದರ ಬುಡ ಎತ್ತಿ ತೋರಿಸಿದಳು. ಬೇರು ತಟ್ಟೆಯ ಹಾಗೆ ಅಗಲಕ್ಕೆ ಹರಡಿತ್ತು, ಆಳ ಒಂದು ಗೇಣೂ ಇರಲಿಲ್ಲ.

“ಅಣ್ಣ, ಬೇಜಾರು ಮಾಡ್ಕೋಬೇಡಿ” ಎಂದಳು. “ದಿನಾ ಬಾಯಿ ಹತ್ರ ತುತ್ತು ಹಿಡಿದ್ರೆ ಇವು ಯಾಕೆ ಕೆಳಗಿಳಿದು ಹುಡುಕ್ತವೆ? ಮಣ್ಣೊಳಗೆ ಇಳಿಯೋದನ್ನೇ ಕಲಿತಿಲ್ಲ.”

“ನಾನು ಒಳ್ಳೇದಕ್ಕೇ ಬಿಟ್ಟೆ ಕಣಮ್ಮ.”

“ನನಗೆ ಗೊತ್ತಿಲ್ವಾ? ಈಗಿಂದ ಹದಿನೈದು ದಿನಕ್ಕೊಮ್ಮೆ ಬಿಡಿ. ಮೂರನೇ ಬೇಸಿಗೇಲಿ ಪೂರ್ತಿ ನಿಲ್ಲಿಸಿಬಿಡಿ. ಸಂಪರ್ಕ ಕಿತ್ತುಕೊಂಡು ಹೋದ ಮೇಲೆ ಇವನ್ನ ಯಾರು ಸಾಕ್ತಾರೆ? ಆಗ ಒಟ್ಟಿಗೆ ಸಾಯ್ತವೆ.”

ಈ ಮಾತು ಸಭೆಗೆ ಬಂತು. ಸಭೆ ಎಂದರೆ ಕಾರ್ಖಾನೆ ಗೋಡೆಯ ನೆರಳಲ್ಲಿ ನಾಲ್ಕು ಚಾಪೆ, ಒಂದು ಫ್ಲಾಸ್ಕ್ ಟೀ, ನಡುವೆ ಹೆಡ್‌ಮಿಸ್. ಟೈಲರ್ ಸಿಡಿದೆದ್ದ. “ಮೊದಲು ಎಣಿಕೆ ಪಾಸಾಗಲಿ ಮೇಡಂ. ಹಸಿರಾಗಿ ಕಂಡ್ರೆ ಸಾಕು, ಜಾಗ ನಮ್ಮದು. ಆಮೇಲಿನದು ಆಮೇಲೆ.” ತಪ್ಪು ಮಾತಲ್ಲ. ನೀರು ಬಿಟ್ಟರೆ ಎಣಿಕೆ ಗೆಲ್ಲಬಹುದು, ಮರುವರ್ಷ ಕಾಡು ಸಾಯುತ್ತದೆ. ನೀರು ನಿಲ್ಲಿಸಿದರೆ ಬೇರು ಇಳಿಯಬಹುದು, ಇಳಿಯದಿದ್ದರೆ ಎಣಿಕೆಯೂ ಹೋಯಿತು, ಜಾಗವೂ ಹೋಯಿತು. ಎರಡು ಗಂಟೆ ಕೂಗಾಡಿ ಎಲ್ಲರೂ ಸುಸ್ತಾದರು. ಆಮೇಲೆ ಒಬ್ಬೊಬ್ಬರೇ ಕೀಲಿ ಇದ್ದವನ ಕಡೆ ತಿರುಗಿದರು.

“ನಿಲ್ಲಿಸ್ತೀನಿ” ಎಂದ ವಾಲ್ವಣ್ಣ. “ಆದ್ರೆ ಒಂದು ಮಾತು. ನಿಲ್ಲಿಸಿದ್ರೆ ಎಲ್ಲದಕ್ಕೂ ನಿಲ್ಲಿಸೋದು. ನಿನ್ನ ಮರ ನನ್ನ ಮರ ಅಂತ ಯಾರೂ ಬಕೆಟ್ ಹೊತ್ಕೊಂಡು ಬರೋ ಹಾಗಿಲ್ಲ. ಕಾಡು ಹೋದ್ರೆ ವಾಲ್ವಣ್ಣ ಕೊಂದ ಅನ್ನಿ, ಬೈಸ್ಕೊಳ್ಳೋದು ನನಗೇನು ಹೊಸದಲ್ಲ.” ಯಾರೋ ನಕ್ಕರು, ಅವನು ನಗಲಿಲ್ಲ.

ಮೂರನೇ ಬೇಸಿಗೆ ಬಂತು. ಆರೂ ವಾಲ್ವು ಮುಚ್ಚಿ, ಕೀಲಿಯನ್ನು ಮನೆಗೆ ತಂದು ಬಾಗಿಲ ಹಿಂದೆ ಒರಗಿಸಿದ. ಎರಡು ವಾರಕ್ಕೆ ಎಲೆ ಜೋತುಬಿದ್ದವು. ನಾಲ್ಕು ವಾರಕ್ಕೆ ಉದುರಿದವು. ಆರನೇ ವಾರದಲ್ಲಿ ಅಲ್ಲಿ ನಿಂತರೆ ಕಾಡೋ ಸುಟ್ಟ ಕಡ್ಡಿಯೋ ತಿಳಿಯುತ್ತಿರಲಿಲ್ಲ. ಜನ ಅವನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟತೊಡಗಿದರು. ಬೈದಿದ್ದರೆ ಅವನಿಗೆ ಸಲೀಸಾಗಿರುತ್ತಿತ್ತು. ಬೈಗುಳಕ್ಕೆ ಗಡಿಯಾರ ತೋರಿಸಬಹುದು, ಮೌನಕ್ಕೆ ಏನು ತೋರಿಸುವುದು?

ಒಂದು ಬೆಳಗ್ಗೆ ಹೋದಾಗ ಟೈಲರನ ಹೆಂಡತಿ ಮೂರನೇ ಬೀದಿಯಲ್ಲಿ ತಮ್ಮ ನೇರಳೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ತುಂಬಿದ ಬಕೆಟ್ಟು.

“ಒಂದೇ ಬಕೆಟ್ ಅಣ್ಣ. ಸ್ನಾನಕ್ಕೆ ಇಟ್ಟಿದ್ದನ್ನ ತಂದೆ. ಬೇರೆ ಯಾರ ಪಾಲಿಂದೂ ಅಲ್ಲ.”

“ನಿಮಗೊಂದು ಬಿಟ್ರೆ ಎಲ್ಲರಿಗೂ ಬಿಡಬೇಕಾಗುತ್ತಮ್ಮ.”

“ಯಾರಿಗೂ ಹೇಳಲ್ಲ.”

“ನನಗೆ ಗೊತ್ತಾಯ್ತಲ್ಲ” ಎಂದ ವಾಲ್ವಣ್ಣ. ಬಕೆಟ್ಟನ್ನು ಎತ್ತಿಕೊಂಡು ಹೋಗಿ ರಸ್ತೆಗೆ ಚೆಲ್ಲಿದ. ಖಾಲಿ ಬಕೆಟ್ಟನ್ನು ಅವಳ ಕೈಗೆ ಕೊಟ್ಟಿದ್ದರೂ ಆಗುತ್ತಿತ್ತು, ಅವಳ ಮುಂದೆ ಮಗುಚಿ ಇಟ್ಟ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಮಧ್ಯಾಹ್ನ ಮನೆಯಲ್ಲಿ ಅವನು ತಟ್ಟೆಯ ಅನ್ನ ಕಲೆಸುತ್ತಲೇ ಕೂತ. “ಮಾಡೋದು ಮಾಡ್ಬಿಟ್ಟು ತಟ್ಟೆ ಮುಂದೆ ಯಾಕೆ ಸೊರಗ್ತೀರಿ?” ಎಂದು ಹೆಂಡತಿ ಕೇಳಿದಳು. ಅವನು ಎದ್ದು ಕೈ ತೊಳೆದ.

ಈಗ ಹೇಳುವುದನ್ನು ಅವನು ಆ ಹೊತ್ತಿಗೆ ಹೆಂಡತಿಗೂ ಹೇಳಿರಲಿಲ್ಲ. ಬಕೆಟ್ಟು ಚೆಲ್ಲಿ ಮೂರು ದಿನವಾಗಿತ್ತು. ಮುಂಜಾನೆ ಸುಮ್ಮನೆ ನಡೆಯುತ್ತ ಆರನೇ ಬೀದಿಗೆ ಬಂದ. ಅದು ಪೈಪಿನ ಕೊನೆ. ಒಳ್ಳೆಯ ದಿನಗಳಲ್ಲೂ ಅಲ್ಲಿಗೆ ನೀರು ಸಣ್ಣಗೆ ಬರುತ್ತಿತ್ತು. ಹದಿನೈದು ನಿಮಿಷವೆಂದರೆ ಎಲ್ಲರ ಹದಿನೈದು ಅಲ್ಲ. ಊರಿನಲ್ಲೂ ಹಾಗೇ ಇತ್ತು. ಪೈಪಿನ ಕೊನೆಯ ಬೀದಿಯವರಿಗೆ ಗಡಿಯಾರದಲ್ಲಿ ನಲವತ್ತು, ಕೊಡದಲ್ಲಿ ಇಪ್ಪತ್ತು. ಗಡಿಯಾರ ಹಿಡಿದು ಅವರ ಬಾಯಿ ಮುಚ್ಚಿಸಿದ್ದ, ಮನಸ್ಸಿಗೆ ಅದು ಗೊತ್ತಿತ್ತು. ಈಗ ಆ ಬೋಳು ಮರಗಳ ಮುಂದೆ ನಿಂತಾಗ ಅವನಿಗೆ ಮೂವತ್ತೊಂದು ವರ್ಷದ ಖಾಲಿ ಕೊಡಗಳು ಕಣ್ಣಮುಂದೆ ಬಂದವು. ಮನೆಗೆ ಹೋದ, ಕೀಲಿ ತಂದ, ಆರನೇ ಬೀದಿಯ ವಾಲ್ವನ್ನು ಮೂರು ಸುತ್ತು ತೆರೆದ. ಪೈಪಿನೊಳಗೆ ಗಾಳಿ ಕೆಮ್ಮಿದಾಗ ಕಳ್ಳನ ಹಾಗೆ ಆಚೀಚೆ ನೋಡಿದ.

ಇದೊಂದು ಸಲ ಎಂದುಕೊಂಡಿದ್ದ. ಆದರೆ ನಾಲ್ಕನೇ ದಿನ ಮತ್ತೆ ಹೋದ. ಬೇಸಿಗೆ ಮುಗಿಯುವ ತನಕ ಹೋಗುತ್ತಲೇ ಇದ್ದ. ಉಳಿದ ಐದು ಬೀದಿಯ ವಾಲ್ವನ್ನು ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ಅವನನ್ನು ಕೇಳಿ ಪ್ರಯೋಜನವಿಲ್ಲ. ಕೈ ಬಂದದ್ದು ಅಷ್ಟಕ್ಕೇ.

ಎಣಿಕೆಯ ದಿನ ಅಧಿಕಾರಿ ಕೊಡೆ ಹಿಡಿದು ಬಂದರು. ಒಂದನೇ ಬೀದಿ ನೋಡಿಯೇ ಮುಖ ಸಪ್ಪೆ ಮಾಡಿದರು. “ಎಲೆ ಇರೋದು ನಾಲ್ಕಿಲ್ಲ, ಏನಂತ ಬರೀಲಿ?” ನರ್ಸರಿಯ ಹೆಂಗಸು ಒಂದು ಬೋಳು ಮರದ ತೊಗಟೆಯನ್ನು ಉಗುರಿನಿಂದ ಕೆರೆದಳು. ಬೂದು ಸಿಪ್ಪೆಯ ಕೆಳಗೆ ಎಳೆಯ ಹಸಿರು ಕಂಡಿತು. “ಉಸಿರಾಡ್ತಿದೆ ಸಾರ್. ಬರ್ಕೊಳ್ಳಿ.” ಅಧಿಕಾರಿ ಬಗ್ಗಿ ನೋಡಿದರು, ತಾವೂ ಕೆರೆದರು. “ಸರಿ ಹಾಗಾದ್ರೆ. ಒಂದೊಂದನ್ನೂ ಕೆರೆದು ತೋರಿಸಿ. ಹಸಿರಿದ್ರೆ ಜೀವ, ಕಂದು ಬಣ್ಣ ಇದ್ರೆ ಇಲ್ಲ.”

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಇಡೀ ಬಡಾವಣೆ ಮರದಿಂದ ಮರಕ್ಕೆ ಓಡಿ ಉಗುರಿನಿಂದ ಕೆರೆಯತೊಡಗಿತು. “ಇಲ್ಲಿ ಹಸಿರು!” “ಇದೂ ಇದೆ ಸಾರ್, ಬನ್ನಿ!” ಹೆಡ್‌ಮಿಸ್ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬೀದಿವಾರು ಗೀಟು ಎಳೆದರು. ಮೂರನೇ ಬೀದಿಯಲ್ಲಿ ಟೈಲರನ ಹೆಂಡತಿ ತನ್ನ ನೇರಳೆಯನ್ನು ನಾಲ್ಕು ಕಡೆ ಕೆರೆದಳು. ನಾಲ್ಕು ಕಡೆಯೂ ಕಂದು. ಮತ್ತೆ ಕೆಳಗೆ, ಬುಡದ ಹತ್ತಿರ ಕೆರೆದಳು, ಅಲ್ಲೂ ಕಂದೇ. ವಾಲ್ವಣ್ಣ ಅದನ್ನು ದೂರದಿಂದ ನೋಡಿದ, ಹತ್ತಿರ ಹೋಗಲಿಲ್ಲ.

ಆರನೇ ಬೀದಿಗೆ ಬಂದಾಗ ಅಧಿಕಾರಿ ಕೊಡೆ ಮಡಿಸಿದರು. ತೊಂಬತ್ತಾರು ಮರ, ತೊಂಬತ್ತಾರರಲ್ಲೂ ಎಲೆ. “ಇಲ್ಲಿ ಕೆರೆಯೋದೇ ಬೇಡ” ಎಂದು ನಕ್ಕರು. ಗೋಡೆಯ ನೆರಳು ಕಾಪಾಡಿತು ಎಂದು ಯಾರೋ ಹೇಳಿದರು, ಎಲ್ಲರೂ ಒಪ್ಪಿದರು. ನರ್ಸರಿಯ ಹೆಂಗಸು ಮಾತ್ರ ಚಪ್ಪಲಿಯ ತುದಿಯಿಂದ ಮಣ್ಣು ಒತ್ತಿ ನೋಡಿದಳು, ವಾಲ್ವಣ್ಣನ ಮುಖ ನೋಡಿದಳು, ಮುಂದಕ್ಕೆ ನಡೆದಳು. ಒಟ್ಟು ನಾನೂರ ಹದಿನಾಲ್ಕು. ಹೆಡ್‌ಮಿಸ್ ಜನ್ಮದಲ್ಲಿ ಮೊದಲ ಬಾರಿಗೆ ಶಿಳ್ಳೆ ಹಾಕಲು ಹೋದರೆ ಬರೀ ಗಾಳಿ ಬಂತು. ಜನ ವಾಲ್ವಣ್ಣನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅವನು ಹೆದರಿದವರ ಹಾಗೆ ಕೂತಿದ್ದ.

ವಾರದೊಳಗೆ ನಗರಸಭೆಯವರು ಪೈಪು ಬಿಚ್ಚಿಕೊಂಡು ಹೋದರು. ಮಳೆ ಬಂತು, ಬೋಳು ಬೀದಿಗಳಲ್ಲಿ ಬುಡದಿಂದ ತುದಿಯವರೆಗೆ ಚಿಗುರು ಒಡೆಯಿತು. ಮತ್ತೆ ಬೇಸಿಗೆ ಬಂದಾಗ ಐದು ಬೀದಿಗಳ ಮರ ಎಲೆ ಬಾಡಿಸಲೂ ಇಲ್ಲ. ಆರನೇ ಬೀದಿ ಒಂದು ತಿಂಗಳಲ್ಲಿ ಒಣಗಿತು. ವಾಲ್ವಣ್ಣ ದಿನಾ ಹೋಗಿ ಕೆರೆದು ನೋಡುತ್ತಿದ್ದ. ತೊಂಬತ್ತಾರರಲ್ಲಿ ಒಂಬತ್ತು ಉಳಿದವು.

ಒಂದು ಭಾನುವಾರ ಎಲ್ಲರೂ ಸೇರಿ ಸತ್ತ ಮರ ಕೀಳಲು ಬಂದರು. ಏನು ರೋಗವಪ್ಪ ಇದು, ಗೋಡೆಯ ಶಾಖವಿರಬೇಕು ಎಂದು ಮಾತಾಡಿಕೊಳ್ಳುತ್ತಿದ್ದರು. ವಾಲ್ವಣ್ಣ ಒಂದು ಮರವನ್ನು ಒಂದೇ ಕೈಯಲ್ಲಿ ಕಿತ್ತ. ಗೇಣುದ್ದದ ಬೇರು ಮಣ್ಣನ್ನೂ ಹಿಡಿಯದೆ ಮೇಲೆ ಬಂತು. ಅದನ್ನು ಎಲ್ಲರ ಮುಂದೆ ಇಟ್ಟ.

“ರೋಗ ಅಲ್ಲ. ನಾನು ನೀರು ಬಿಟ್ಟೆ” ಎಂದ. “ಆ ಬೇಸಿಗೆ ಪೂರ್ತಿ, ನಾಲ್ಕು ದಿನಕ್ಕೊಮ್ಮೆ. ಈ ಬೀದಿಗೆ ಮಾತ್ರ.”

ಟೈಲರನ ಕೈಯಿಂದ ಗುದ್ದಲಿ ಜಾರಿತು. “ಏನಂದ್ರಿ? ನನ್ನ ಹೆಂಡ್ತಿ ಒಂದು ಬಕೆಟ್ ತಂದಿದ್ದಕ್ಕೆ ರಸ್ತೆಗೆ ಚೆಲ್ಲಿದೋರು ನೀವು! ನಿಮಗೆ ನಾಚಿಕೆ ಆಗಲ್ವಾ?”

“ಆಗುತ್ತಪ್ಪ.”

ಕೂಗಾಟ ಏಳುವಷ್ಟರಲ್ಲಿ ಹೆಡ್‌ಮಿಸ್ ಚೀಲದಿಂದ ಎಣಿಕೆಯ ಹಾಳೆ ತೆಗೆದರು. ಬೆರಳಿಟ್ಟು ಎರಡು ಸಲ ಕೂಡಿದರು. ಅವರ ದನಿ ಅಂದು ಮೆತ್ತಗಿತ್ತು. “ಸ್ವಲ್ಪ ತಡೀರಿ. ಮೊದಲ ಐದು ಬೀದಿ ಸೇರಿ ಮುನ್ನೂರ ಹದಿನೆಂಟು. ಬೇಕಾಗಿದ್ದದ್ದು ನಾನೂರು. ಆರನೇ ಬೀದಿ ಹಸಿರಾಗಿ ಇರದಿದ್ರೆ ಇವತ್ತು ನಾವು ನಿಂತಿರೋ ಜಾಗದಲ್ಲಿ ಲಾರಿ ನಿಂತಿರ್ತಿದ್ವು.”

ಯಾರೋ ನಿಟ್ಟುಸಿರು ಬಿಟ್ಟರು, ಇನ್ಯಾರೋ “ಹಾಗಾದ್ರೆ ಒಳ್ಳೇದೇ ಮಾಡಿದ್ರಿ ಬಿಡಿ ಅಣ್ಣ” ಎಂದರು. ನರ್ಸರಿಯ ಹೆಂಗಸು ಅವನ ಬೆನ್ನು ತಟ್ಟಿದಳು. ಟೈಲರ್ ಕೂಡ ಗುದ್ದಲಿ ಎತ್ತಿಕೊಂಡ. ವಿಷಯ ಅಲ್ಲಿಗೆ ಮುಗಿಯುವ ಹಾಗೆ ಕಂಡಿತು. ಮುಗಿದಿದ್ದರೆ ವಾಲ್ವಣ್ಣನಿಗೆ ಎಷ್ಟು ಹಗುರಾಗುತ್ತಿತ್ತೋ!

ಟೈಲರನ ಹೆಂಡತಿ ಮುಂದೆ ಬಂದಳು. ಸಿಟ್ಟಿನಿಂದಲ್ಲ. ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳುವವರ ಹಾಗೆ ಬಂದಳು.

“ಕಾಡು ಉಳೀತು, ಸಂತೋಷ. ನನಗೆ ಒಂದೇ ಹೇಳಿ ಅಣ್ಣ. ನಮ್ಮ ನೇರಳೆ ಅಲ್ಲಿ ಬಾಯಿ ಒಣಗಿಸ್ಕೊಂಡು ನಿಂತಿದ್ದ ದಿನ, ಪಕ್ಕದ ಬೀದಿಗೆ ನೀರು ಹೋಗ್ತಿತ್ತಾ?”

ಮೂವತ್ತೊಂದು ವರ್ಷ, ದಿನಾ ಬೆಳಗ್ಗೆ, ಹೆಚ್ಚುಕಮ್ಮಿ ಇದೇ ಮಾತನ್ನು ಅವನು ಕೇಳಿಸಿಕೊಂಡಿದ್ದ. ಎಂದೂ ತಡವರಿಸಿದವನಲ್ಲ.

“ಹೋಗ್ತಿತ್ತಮ್ಮ” ಎಂದ.

ಅವಳು ತಲೆಯಾಡಿಸಿದಳು. ಆಮೇಲೆ ಬಗ್ಗಿ, ಅವನು ಕಿತ್ತಿಟ್ಟ ಮರದ ಒಂದು ತುದಿಯನ್ನು ಎತ್ತಿಕೊಂಡು, ಇನ್ನೊಂದು ತುದಿಯನ್ನು ಅವನು ಹಿಡಿಯಲೆಂದು ಕಾದಳು.